ಮೂರನೆಯ ಬಾಟಲಿ

ಶಿವಪ್ರಕಾಶರು ಆ ವೈನಿಗೆ ಐಸು ಹಾಕಿಕೊಂಡರು. ಒಂದಲ್ಲ, ಎರಡಲ್ಲ, ನಾಲ್ಕು ತುಂಡು. ಅದೂ ಸಾಲದೆಂಬಂತೆ ಮೇಲಿಂದ ನಿಂಬೆ ಸೋಡಾ ಸುರಿದು, ಬೆರಳಲ್ಲೇ ಕದಡಿ, ಒಂದು ಗುಟುಕು ಎಳೆದು, "ಹಾಂ, ಈಗ ಕುಡಿಯೋ ಹಂಗಾಯ್ತು ನೋಡಿ ಯತೀಶ್" ಎಂದರು. ಅವತ್ತು ಅವರ ಮಗಳ ಮದುವೆಯ ಊಟ. ಸುತ್ತ ಕೂತವರೆಲ್ಲ ನಕ್ಕರು. ಬಾಟಲಿ ಹಿಡಿದು ಹಿಂದೆ ನಿಂತಿದ್ದ ಯತೀಶನೂ ನಕ್ಕ. ನಗುವುದು ಅವನ ಕೆಲಸದ ಒಂದು ಭಾಗ. ಆದರೆ ಆ ನಾಲ್ಕು ತುಂಡು ಐಸನ್ನು ಎರಡು ವರ್ಷವಾದರೂ ಅವನು ಮರೆಯಲಿಲ್ಲ.

ಅದು ಮರ್ಸೋ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಆ ಹೆಸರಿನದೊಂದು ಊರಿದೆ, ಅಲ್ಲಿನ ಬಿಳಿ ವೈನಿಗೂ ಅದೇ ಹೆಸರು. ಬಿಳಿ ಎನ್ನುವುದು ಹೆಸರಿಗೆ ಮಾತ್ರ. ಹದಿನೈದು ವರ್ಷ ಕತ್ತಲೆಯಲ್ಲಿ ಮಲಗಿ ಎದ್ದರೆ ಅದರ ಬಣ್ಣ ಎಳ್ಳೆಣ್ಣೆಯ ಹಾಗೆ. ಮೂಗಿಗೆ ಹಿಡಿದರೆ ಮೊದಲು ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ. ಸ್ವಲ್ಪ ಕಾದರೆ ಹುರಿದ ಗೋಡಂಬಿ. ಇನ್ನೂ ಕಾದರೆ, ಬೆಣ್ಣೆ ಕಾಯಿಸುವಾಗ ಅದು ತುಪ್ಪವಾಗುವುದಕ್ಕೆ ಒಂದು ಗಳಿಗೆ ಮುಂಚೆ ಮನೆಯೆಲ್ಲ ಹರಡುತ್ತದಲ್ಲ, ಆ ಪರಿಮಳ. ನುಂಗಿದ ಮೇಲೂ ನಿಂಬೆಸಿಪ್ಪೆಯ ಒಂದು ಚುರುಕು ನಾಲಿಗೆಯ ಅಂಚಿನಲ್ಲಿ ಕೂತೇ ಇರುತ್ತದೆ. ಅಂಥದಕ್ಕೆ ಸೋಡಾ!

ಯತೀಶ ಕಾಪುವಿನವನು. ಹೋಟೆಲ್ ಮ್ಯಾನೇಜ್‌ಮೆಂಟು ಓದಿ, ಹತ್ತು ವರ್ಷ ಪ್ರವಾಸಿ ಹಡಗುಗಳಲ್ಲಿ ವೈನು ಬಡಿಸಿ, ಕೊನೆಗೆ ಕ್ಯಾಲಿಫೋರ್ನಿಯದ ಕ್ಯಾಂಪ್‌ಬೆಲ್‌ನಲ್ಲಿ ಶಿವಪ್ರಕಾಶರ ರೆಸ್ಟೋರೆಂಟಿಗೆ ಬಂದು ಸೇರಿದ್ದ. ಯಾವ ಊಟಕ್ಕೆ ಯಾವ ವೈನು ಎಂದು ಹೇಳುವುದು ಅವನ ಕೆಲಸ. ಜೊತೆಗೆ ಪ್ರತಿ ಮಂಗಳವಾರ ಗುಡ್ಡದ ಮೇಲಿನ ಅವರ ಮನೆಗೆ ಹೋಗಿ, ನೆಲಮಾಳಿಗೆಯ ತಂಪು ಕೋಣೆಯಲ್ಲಿದ್ದ ಖಾಸಗಿ ಬಾಟಲಿಗಳನ್ನು ನೋಡಿಕೊಳ್ಳಬೇಕು. ತಮ್ಮ ಕಂಪ್ಯೂಟರ್ ಚಿಪ್ ಕಂಪನಿ ಮಾರಿದ ವರ್ಷ ಶಿವಪ್ರಕಾಶರು ಆ ಮರ್ಸೋದ ಮೂರೇ ಮೂರು ಬಾಟಲಿ ತರಿಸಿದ್ದರು. ತಂಪಿಗೂ ತೇವಕ್ಕೂ ಜಗ್ಗದ ಬಿಳಿ ಪೇಂಟ್ ಪೆನ್ನಿನಲ್ಲಿ ಪ್ರತಿ ಬಾಟಲಿಯ ಹೆಗಲ ಮೇಲೆ ಕನ್ನಡ ಅಂಕಿ ಬರೆದಿಡುವುದು ಯತೀಶನ ರೂಢಿ. ಅವಕ್ಕೂ ೧, ೨, ೩ ಎಂದು ಬರೆದಿದ್ದ. ಶಿವಪ್ರಕಾಶರ ತಾಯಿ ದೊಡ್ಡತಾಯಮ್ಮ ಇಂಗ್ಲಿಷ್ ಅಂಕಿಯನ್ನೇ ಅರಿಯದವರು. ಒಮ್ಮೆ ಕೆಳಗಿಳಿದು ಬಂದು, "ಸದ್ಯ, ಈ ದೇಸದಲ್ಲೂ ನಾನು ಓದೋಂಗೆ ಬರ್ಯೋರು ಒಬ್ರವ್ರೆ" ಎಂದು ಖುಷಿಪಟ್ಟಿದ್ದರು.

ಒಂದನೆಯದು ಗೃಹಪ್ರವೇಶಕ್ಕೆ ಹೋಯಿತು. ಎರಡನೆಯದು ಮದುವೆಯ ದಿನ ಸೋಡಾದ ಪಾಲಾಯಿತು. ಉಳಿದದ್ದು ೩. ಅದು ಶಿವಪ್ರಕಾಶರ ಅರುವತ್ತನೇ ಹುಟ್ಟುಹಬ್ಬಕ್ಕೆ ಎಂದು ಎಂದೋ ನಿಶ್ಚಯವಾಗಿತ್ತು.

ಮದುವೆಯ ದಿನ ಎರಡನೆಯ ಬಾಟಲಿ ಖಾಲಿಯಾದಾಗ ಯತೀಶ ಅದನ್ನು ಎಸೆಯದೆ, ಕಾರ್ಕಿನ ಸಮೇತ ಚೀಲದೊಳಗೆ ಇಟ್ಟುಕೊಂಡಿದ್ದ. ಕೆಟ್ಟ ಯೋಚನೆಯೇನೂ ಇರಲಿಲ್ಲ, ಬರೀ ಆಸೆ. ಹದಿನೈದು ವರ್ಷದಿಂದ ಇಂಥ ವೈನುಗಳ ನಡುವೆಯೇ ಬದುಕಿದವನು ಅವನು. ಬಾಯಿಗೆ ಒಂದು ಗುಟುಕು ತೆಗೆದುಕೊಳ್ಳುವುದು, ತಿರುಗಿಸುವುದು, ಉಗುಳುವುದು, ಇಷ್ಟೇ ಅವನ ಭಾಗ್ಯ. ಒಂದು ಪೂರ್ತಿ ಬಾಟಲಿಯನ್ನು ಕುರ್ಚಿಯ ಮೇಲೆ ಕೂತು, ತನಗೆ ಸರಿಕಂಡ ಊಟದ ಜೊತೆ, ಯಾರೂ ಕರೆಯದ ಒಂದು ಮಧ್ಯಾಹ್ನ ಕುಡಿದದ್ದೇ ಇಲ್ಲ. ಶಿವಪ್ರಕಾಶರಿಗಾದರೋ ಐಸಿದ್ದರೆ ಸಾಕು. ಯಾವುದು ಕೊಟ್ಟರೇನು ಎಂಬ ಯೋಚನೆ ಮೊದಲು ತಮಾಷೆಯಾಗಿ ಬಂತು. ಆಮೇಲೆ ದಿನಾ ಬರತೊಡಗಿತು. ಕೊನೆಗೆ ಹೋಗಲೇ ಇಲ್ಲ.

ಉಪಾಯ ಸರಳವಾಗಿತ್ತು. ಎರಡನೆಯ ಬಾಟಲಿಯ ಲೇಬಲು ಹೊಸದರಂತಿತ್ತು. ಕಾರ್ಕನ್ನು ಚುಚ್ಚದೆ, ಎರಡೂ ಬದಿಯಿಂದ ಹಿಡಿದೆಳೆಯುವ ಸಾಧನದಲ್ಲಿ ಅವನೇ ತೆಗೆದದ್ದರಿಂದ ಅದರ ಮೇಲೊಂದು ಗೀರೂ ಇರಲಿಲ್ಲ. ಒಳಗೆ ಕ್ಯಾಲಿಫೋರ್ನಿಯದ್ದೇ ಶಾರ್ಡೊನೆ ವೈನು ತುಂಬಿದ. ಅದೇ ಜಾತಿಯ ದ್ರಾಕ್ಷಿ, ಮರದ ಪೀಪಾಯಿಯಲ್ಲಿ ಮಾಗಿದ್ದು, ಬಣ್ಣವೂ ಹತ್ತಿರ ಹತ್ತಿರ. ಕೈಯಂತ್ರದಲ್ಲಿ ಕಾರ್ಕು ಒತ್ತಿದ. ಹೆಂಡತಿ ಶ್ರೇಯಾಳ ಉಗುರುಬಣ್ಣ ಅಳಿಸುವ ನೀರನ್ನು ಹತ್ತಿಗೆ ತಾಗಿಸಿ, ಹೆಗಲ ಮೇಲಿನ ೨ ಅನ್ನು ಒರೆಸಿ, ೩ ಎಂದು ಬರೆದ. ತನ್ನದೇ ಅಕ್ಷರವನ್ನು ತಾನೇ ನಕಲು ಮಾಡುವುದಕ್ಕಿಂತ ಸುಲಭದ ಕೆಲಸ ಇನ್ನೇನಿದೆ?

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದಿನ ಚೀಲದಲ್ಲಿ ನಕಲಿ ಬಾಟಲಿ ಇಟ್ಟುಕೊಂಡು ಗುಡ್ಡದ ಮನೆಗೆ ಹೋದ. ಕ್ಯಾಮೆರಾ ಇದ್ದದ್ದು ಬಾಗಿಲಿಗೆ, ಕೋಣೆಯೊಳಗೆ ಇರಲಿಲ್ಲ. ನಿಜವಾದ ಮೂರನೆಯ ಬಾಟಲಿಯ ಕತ್ತನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ, ಅದರ ತಗಡಿನ ಟೋಪಿಯನ್ನು ಇಡಿಯಾಗಿ ಜಾರಿಸಿ, ನಕಲಿಯ ತಲೆಗೆ ತೊಡಿಸಿದ. ನಕಲಿಯನ್ನು ಅದರ ಜಾಗದಲ್ಲಿಟ್ಟು, ನಿಜವಾದದ್ದನ್ನು ಚೀಲಕ್ಕೆ ಹಾಕಿಕೊಂಡ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಆ ತಂಪಿನಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು.

ಭಯ ಶುರುವಾದದ್ದು ಫ್ರೀವೇಯಲ್ಲಿ. ಮಿಲ್ಪಿಟಾಸ್ ದಾಟುವಾಗ ಪೊಲೀಸ್ ಕಾರೊಂದು ಹಿಂದೆ ಬಂತು. ಚೀಲ ಪಕ್ಕದ ಸೀಟಿನಲ್ಲಿತ್ತು, ಅದಕ್ಕೆ ಸೀಟ್ ಬೆಲ್ಟನ್ನೂ ಹಾಕಿದ್ದ. ಅವನ ಗ್ರೀನ್ ಕಾರ್ಡಿನ ಅರ್ಜಿ ಇದ್ದದ್ದು ಶಿವಪ್ರಕಾಶರ ರೆಸ್ಟೋರೆಂಟಿನ ಹೆಸರಿನಲ್ಲಿ. ಅವರು ಕೆಲಸದಿಂದ ತೆಗೆದರೆ ವೀಸಾವೂ ಹೋಯಿತು, ಗಂಟುಮೂಟೆ ಕಟ್ಟಬೇಕು. ಕಳ್ಳತನದ ಕೇಸೇ ಆದರೆ ಹೊರಡುವುದೂ ಮರ್ಯಾದೆಯಿಂದಲ್ಲ. ಮಗಳು ಲಾಸ್ಯಾಗೆ ಹನ್ನೆರಡು ವರ್ಷ, ಅವಳಿಗೆ ಈಗ ಫ್ರೀಮಾಂಟೇ ಊರು. ಇಷ್ಟೆಲ್ಲವನ್ನೂ ಒಂದು ಬಾಟಲಿಗೆ ಕಟ್ಟಿ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನಲ್ಲ ಎಂದುಕೊಂಡು ಅವನು ವೇಗ ಇಳಿಸಿದ. ಪೊಲೀಸ್ ಕಾರು ಪಕ್ಕದ ಲೇನಿನಲ್ಲಿ ಮುಂದೆ ಹೋಯಿತು. ಹಿಂದಿರುಗಿಸಿಬಿಡಲೇ ಎಂದುಕೊಂಡ. ಹಿಂದಿರುಗಿಸಲಿಲ್ಲ.

ಸೋಮವಾರ ರೆಸ್ಟೋರೆಂಟಿಗೆ ರಜೆ. ಶ್ರೇಯಾ ಆಫೀಸಿಗೆ, ಲಾಸ್ಯಾ ಸ್ಕೂಲಿಗೆ ಹೋಗಿಯಾಗಿತ್ತು. ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ಅಮ್ಮ ಮಾತ್ರ ಮನೆಯಲ್ಲಿದ್ದರು. ಅಡುಗೆಮನೆಯ ಕಿಟಕಿಯಲ್ಲಿ, ಜಾಮಿನ ಸೀಸೆಗಳಲ್ಲಿ ಚಿಗುರಿಸಿದ ಮನಿಪ್ಲಾಂಟಿಗೆ ನೀರು ಬದಲಿಸುತ್ತಿದ್ದರು. ಯತೀಶ ಏಡಿ ತಂದಿದ್ದ. ತೆಂಗಿನ ಹಾಲಿನಲ್ಲಿ, ಉಪ್ಪು ಮತ್ತು ಒಂದು ಚೂರು ಶುಂಠಿ ಮಾತ್ರ ಹಾಕಿ ಬೇಯಿಸು, ಜೊತೆಗೆ ನೀರುದೋಸೆ ಸಾಕು ಎಂದ.

"ಮೆಣಸು ಹಾಕದೆ ಎಂತ ಏಡಿ ಮಾರಾಯಾ? ಜ್ವರ ಬಂದವರಿಗೆ ಕೊಡುವ ಹಾಗೆ ಉಂಟು" ಎಂದರು ಅಮ್ಮ.

"ಇವತ್ತೊಂದು ದಿನ ಅಮ್ಮ."

ಮರ್ಸೋಗೆ ಖಾರವೆಂದರೆ ಆಗದು, ಹುಣಸೆಹುಳಿಯಂತೂ ಶತ್ರು. ಏಡಿಯ ಸಿಹಿ, ತೆಂಗಿನ ಹಾಲಿನ ನುಣುಪು, ದೋಸೆಯ ಸಪ್ಪೆ, ಇವು ಅದಕ್ಕೆ ದಾರಿ ಬಿಟ್ಟುಕೊಡುತ್ತವೆ. ಕಾರ್ಕು ತೆಗೆದು, ಬಾಟಲಿಯ ತಂಪು ಅರ್ಧ ಇಳಿಯುವವರೆಗೆ ಕಾದ. ಬೆಂಕಿಕಡ್ಡಿ ಬಂತು, ಗೋಡಂಬಿ ಬಂತು, ಬೆಣ್ಣೆ ಬಂತು. ಏಡಿಯ ಕಾಲು ಮುರಿದು ಬಾಯಿಗಿಟ್ಟು ಮೇಲಿಂದ ಒಂದು ಗುಟುಕು ಕುಡಿದಾಗ ಅವನಿಗೆ ನಿಜಕ್ಕೂ ಅಳು ಬಂತು. ಮಧ್ಯಾಹ್ನ ಮೂರರ ತನಕ ಒಬ್ಬನೇ ಕೂತು ಮುಗಿಸಿದ. ಬದುಕಿನಲ್ಲಿ ಅಷ್ಟು ಸುಖಪಟ್ಟದ್ದು ಇಲ್ಲ, ಅಷ್ಟು ಹೆದರಿದ್ದೂ ಇಲ್ಲ.

"ಬಾಟ್ಲಿ ಮಾತ್ರ ಲಾಯ್ಕ ಉಂಟು" ಎಂದರು ಅಮ್ಮ, ತಟ್ಟೆ ಎತ್ತುತ್ತಾ.

ಅವನು ಕಾರ್ಕನ್ನು ಚೂರು ಮಾಡಿ ಕಸಕ್ಕೆ ಹಾಕಿದ. ಲೇಬಲನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಹರಿದು ಕಮೋಡಿಗೆ ಹಾಕಿ ಎರಡು ಸಲ ನೀರು ಬಿಟ್ಟ. ಲೇಬಲು ಹೋದ ಮೇಲೆ ಅದು ಊರಲ್ಲಿರುವ ಸಾವಿರ ಹಸಿರು ಬಾಟಲಿಗಳಲ್ಲಿ ಒಂದು. ಅಪಾರ್ಟ್‌ಮೆಂಟಿನ ಮರುಬಳಕೆ ಕಸದ ನೀಲಿ ಡಬ್ಬಿಯಲ್ಲಿ ಪಿಜ್ಜಾ ಪೆಟ್ಟಿಗೆಗಳ ಕೆಳಗೆ ತುರುಕಿ ಬಂದ. ಗುರುವಾರ ಲಾರಿ ಬಂದು ಒಯ್ದ ಸದ್ದನ್ನು ಹಾಸಿಗೆಯಲ್ಲೇ ಮಲಗಿ ಕೊನೆಯವರೆಗೂ ಕೇಳಿಸಿಕೊಂಡ.

ಆದರೂ ನೆಮ್ಮದಿ ಬರಲಿಲ್ಲ. ಫೋನು ರಿಂಗಾದರೆ ಬೆಚ್ಚುತ್ತಿದ್ದ. ಹುಟ್ಟುಹಬ್ಬಕ್ಕೆ ಒಂದು ವಾರವಿದ್ದಾಗ ಶಿವಪ್ರಕಾಶರು, "ಗಾರ್ಗೀನೂ ಕರ್ದಿದೀನಿ ಯತೀಶ್. ವೈನ್ ಬಗ್ಗೆ ಪೇಪರ್‌ಗೆಲ್ಲಾ ಬರೀತಾರಲ್ಲ, ಅವ್ರು. ಮೂರನೇದು ಅವ್ರ ಮುಂದೇನೇ ಓಪನ್ ಮಾಡೋಣ" ಎಂದರು. ಗಾರ್ಗಿಯ ಮೂಗು ಯತೀಶನಿಗೆ ಗೊತ್ತಿತ್ತು. ಅವಳಿಗೆ ಮರ್ಸೋ ಯಾವುದು, ಕ್ಯಾಲಿಫೋರ್ನಿಯ ಯಾವುದು ಎಂದು ತಿಳಿಯಲು ಒಂದು ಉಸಿರು ಸಾಕು.

ಎರಡು ರಾತ್ರಿ ನಿದ್ದೆ ಬಿಟ್ಟು ಅದಕ್ಕೂ ದಾರಿ ಹುಡುಕಿದ. ಯಾವ ಊಟ ವೈನನ್ನು ಎತ್ತುತ್ತದೆ ಎಂದು ಬಲ್ಲವನಿಗೆ ಯಾವುದು ಕೊಲ್ಲುತ್ತದೆ ಎಂದೂ ಗೊತ್ತಿರುತ್ತದೆ. "ಸರ್, ಅರುವತ್ತರ ಊಟ ಅಂದ್ರೆ ನಿಮ್ಮ ಮಂಡ್ಯದ ಊಟಾನೇ ಆಗ್ಬೇಕು. ಅಮ್ಮನ ಕೈಯಿಂದ ನಾಟಿ ಕೋಳಿ ಸಾರು, ಮುದ್ದೆ" ಎಂದ. ಶಿವಪ್ರಕಾಶರ ಕಣ್ಣು ತುಂಬಿ ಬಂತು. ಇಷ್ಟು ದಿನದಲ್ಲಿ ನೀವೊಬ್ಬರೇ ನನ್ನನ್ನು ಅರ್ಥ ಮಾಡಿಕೊಂಡದ್ದು ಎಂದು ಅವನ ಭುಜ ತಟ್ಟಿದರು.

ಭಾನುವಾರ ಮಧ್ಯಾಹ್ನ ಶಿವಪ್ರಕಾಶರ ಮನೆಯ ಮೇಜಿನ ಸುತ್ತ ಎಂಟು ಜನ. ಯತೀಶ ಮೊದಲು ಹುಣಸೆಹುಳಿಯ ರಸಂ ಕೊಡಿಸಿದ. ಹಿಂದೆಯೇ ದೊಡ್ಡತಾಯಮ್ಮನ ಕೋಳಿ ಸಾರು. ಬ್ಯಾಡಗಿಯಲ್ಲ, ಖಾರದ ಗುಂಟೂರು ಮೆಣಸಿನದು. ಎಲ್ಲರ ಮೂಗಿನಲ್ಲೂ ನೀರಿಳಿದ ಮೇಲೆ ಬಾಟಲಿ ತಂದ. ಅದು ಬೆಳಗಿನಿಂದ ಐಸಿನಲ್ಲಿ ಮುಳುಗಿತ್ತು. ಅಷ್ಟು ತಣ್ಣಗಾದರೆ ಯಾವ ವೈನಿನ ವಾಸನೆಯೂ ಮೇಲೇಳುವುದಿಲ್ಲ. ಹೆಗಲ ಮೇಲಿನ ೩ ಕಾಣುವಂತೆ ಶಿವಪ್ರಕಾಶರ ಮುಂದೆ ಹಿಡಿದ. ಅವರು ತಲೆಯಾಡಿಸಿದರು. ಯತೀಶ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಕಾರ್ಕು ತೆಗೆದ.

ಗಾರ್ಗಿ ಲೋಟ ಎತ್ತಿದಳು. ಮೂಸಿದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಅವಳ ಹುಬ್ಬು ಒಂದಿಷ್ಟು ಗಂಟಿಕ್ಕಿದ್ದನ್ನು ಯತೀಶ ಕಂಡ. ಇನ್ನೇನು ತಾನೇ ಎಲ್ಲ ಹೇಳಿಬಿಡುತ್ತೇನೇನೋ ಎನ್ನಿಸಿತು.

"ತುಂಬಾ ಚಿಲ್ಡ್ ಆಗಿದೆ ಯತೀಶ್" ಎಂದಳು ಗಾರ್ಗಿ. ಆಮೇಲೆ ನಕ್ಕಳು. "ಏನೂ ಗೊತ್ತಾಗ್ತಿಲ್ಲ. ಈ ಸಾರಿಗೆ ನನ್ನ ನಾಲಿಗೇನೇ ಹೋಯ್ತು. ನೀವಾದ್ರೂ ಹೇಳ್ಬಾರ್ದಿತ್ತಾ, ಇದಕ್ಕೂ ಅದಕ್ಕೂ ಮ್ಯಾಚ್ ಆಗಲ್ಲ ಅಂತ?"

"ಅಮ್ಮನ ಕೈ ಅಡುಗೆ ಮೇಡಂ. ನಾನೇನು ಹೇಳ್ಲಿ?" ಎಂದ ಯತೀಶ.

ಶಿವಪ್ರಕಾಶರು ಆಗಲೇ ಐಸು ಹಾಕಿಕೊಂಡು ಅರ್ಧ ಮುಗಿಸಿದ್ದರು. "ಅದ್ಭುತ! ಕೊನೇದು ಅಂತ ಬೇಜಾರು" ಎಂದರು. ಎಲ್ಲರೂ ಲೋಟ ಎತ್ತಿದರು. ಯತೀಶನ ಮೈಯಿಂದ ಒಂದು ತಿಂಗಳ ಜ್ವರ ಇಳಿದಂತಾಯಿತು. ಬಾಟಲಿಯನ್ನು ಮೇಜಿನ ನಡುವೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ತಿಂಗಳಲ್ಲಿ ಮೊದಲ ಬಾರಿಗೆ ಎದೆ ತುಂಬ ಉಸಿರೆಳೆದುಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡತಾಯಮ್ಮ ಬಂದರು. ಕೈಯಲ್ಲಿ ಸೆರಗಿನ ತುದಿಯಿಂದ ಹಿಡಿದ ಒಂದು ಬಾಟಲಿ. "ಯತೀಸಪ್ಪಾ, ಮರ್ತೇಬಿಟ್ಟಿದ್ದೆ ನೋಡು. ದೇವಸ್ಥಾನದಲ್ಲಿ ಸಿಕ್ದಾಗ ನಿಮ್ಮವ್ವ ನನ್ನ ಮಂಡಿ ನೋವ್ಗೆ ಎಣ್ಣೆ ಕಾಯ್ಸಿ ಕೊಟ್ಟಿದ್ರು, ಅದ್ರ ಬಾಟ್ಲಿ. ಇಂಥಾ ಗಟ್ಟಿ ಬಾಟ್ಲೀನ ನೀನು ಕಸಕ್ಕೆ ಎಸ್ದಿದ್ಯಂತೆ, ನಿಮ್ಮವ್ವ ಎತ್ಕಂಡು ತೊಳ್ದು ಮಡಿಕ್ಕಂಡವ್ರೆ. ಒಳ್ಳೇದ್ ಮಾಡುದ್ರು. ಬರೀ ಬಾಟ್ಲಿ ವಾಪಸ್ ಕೊಡಬಾರ್ದು ಅಂತ ಜೋನಿಬೆಲ್ಲ ತುಂಬಿವ್ನಿ."

ಯತೀಶ ಬಾಟಲಿಯನ್ನು ಗುರುತಿಸಿದ. ಆದರೂ ಮನಸ್ಸು ಓಡುತ್ತಲೇ ಇತ್ತು: ಲೇಬಲಿಲ್ಲ, ಕಾರ್ಕಿಲ್ಲ, ಟೋಪಿಯಿಲ್ಲ, ಬರೀ ಹಸಿರು ಗಾಜು, ಯಾರಿಗೆ ಏನು ತಿಳಿದೀತು? ಕೈ ಚಾಚಿದ. ಮುದುಕಿ ಕೊಡಲಿಲ್ಲ. ಜಿಡ್ಡು ಅಂಟೀತೆಂದು ಬಾಟಲಿಯನ್ನು ಮೇಜಿನ ಮೇಲೆ, ಇನ್ನೊಂದರ ಪಕ್ಕದಲ್ಲೇ ಇಟ್ಟು, ಸೆರಗಿನಿಂದ ಅದರ ಹೆಗಲು ಒರೆಸಿ, ಕಣ್ಣು ಕಿರಿದು ಮಾಡಿ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನೋಡಿದರು. ಐಸಿನ ಇಕ್ಕಳ ಹಿಡಿದಿದ್ದ ಶಿವಪ್ರಕಾಶರೂ ತಾಯಿಯ ಬೆರಳು ಹೋದ ಕಡೆಗೇ ಕಣ್ಣು ಹಾಯಿಸಿದರು. "ಅಲ್ಲ ಕಣಪ್ಪಾ," ಎಂದರು ದೊಡ್ಡತಾಯಮ್ಮ, "ಇದ್ರ ಮೇಲೂ ಮೂರು ಅಂತ ಬರ್ದಿದೀಯ, ಅದ್ರ ಮೇಲೂ ಮೂರೇ ಬರ್ದಿದೀಯ. ಎಲ್ಡಕ್ಕೂ ಒಂದೇ ನಂಬ್ರ ಯಾಕಪ್ಪಾ ಹಾಕ್ದೆ?"