ಜತನ ಮಾಡಿದ ಸಹಿ

"ಈ ಪುಸ್ತಕದ ಹಾಳಿ ಯಾರಿಗೆ ಮಾರಿದ್ರಿ?"

ವಾಡಿ ಸ್ಟೇಷನ್ ಎದುರಿನ ಬೈಂಡಿಂಗ್ ಅಂಗಡಿ. ಮೈತ್ರಿ ಸಿಟ್ಟಿನಿಂದ ಪುಸ್ತಕ ತೆರೆದು ಮುಂದೆ ಹಿಡಿದಳು.

ಅಂಗಡಿಯ ಮಹೇಶಕುಮಾರ ಕತ್ತರಿ ಕೆಳಗಿಟ್ಟ. "ಯಾವ ಹಾಳಿರಿ?"

"ನೀಲಾಬಾಯಿಯವರು ಸಹಿ ಮಾಡಿದ್ದು. ನೋಡ್ರಿಲ್ಲಿ, ಆ ಜಾಗದಾಗ ಬಿಳೀ ಹಾಳಿ ಅದ. ಹೋದ ವಾರ ಹೈದರಾಬಾದಿನ ವ್ಯಾಪಾರಿ ಇಲ್ಲೇ ಕುಂತು ಸಹಿ ಇದ್ದ ಪುಸ್ತಕ ಕೇಳಿದ. ನಾ ಕೊಡಲ್ಲ ಅಂದೆ. ನೀವು ಕೊಟ್ರಿ."

"ನಾ ಕಳ್ಳ ಅಂತೀರೇನು?"

"ಮತ್ತೇನನ್ನಲಿ?"

ಆತನ ಮುಖ ಕೆಂಪೇರಿತು. ಹೇಳಹೊರಟ ಮಾತನ್ನು ನುಂಗಿಕೊಂಡ. "ಹಂಗಿದ್ರ ಹೋಗ್ರಿ. ಕಳ್ಳನ ಕೂಡ ಏನ್ ಮಾತು?"

ಮೈತ್ರಿ ಪುಸ್ತಕ ಎದೆಗೊತ್ತಿಕೊಂಡು ಹೊರಬಿದ್ದಳು.

ಸೇಡಂನ ಹೈಸ್ಕೂಲಿನಲ್ಲಿ ಆಕೆ ಇತಿಹಾಸದ ಶಿಕ್ಷಕಿ. ಕಾಲೇಜಿನಲ್ಲಿದ್ದಾಗ ಸ್ಕೂಟರ್‌ನಿಂದ ಬಿದ್ದು ಮೊಣಕಾಲು ಮುರಿಯಿತು, ನೃತ್ಯ ನಿಂತಿತು. ಅಂದಿನಿಂದ ನೃತ್ಯದ ಪುಸ್ತಕ ಕೂಡಿಸತೊಡಗಿದಳು. ಮೊದಲ ಮುದ್ರಣ ಇರಬೇಕು, ಬರೆದವರ ಸಹಿ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಪುಸ್ತಕ ಆಕೆಯ ಕಪಾಟು ಏರುತ್ತಿರಲಿಲ್ಲ.

ಭಂಕೂರದ ನೀಲಾಬಾಯಿ ಜೀವನವಿಡೀ ಕುಣಿದು, ಒಂದೇ ಒಂದು ಪುಸ್ತಕ ಬರೆದವರು. ಹಾಸಿಗೆ ಹಿಡಿದಿದ್ದಾಗ, ಮೈತ್ರಿ ಹಿಡಿದ ರಟ್ಟಿನ ಮೇಲೆ ಪುಸ್ತಕವಿಟ್ಟು ಹೆಸರು ಬರೆದಿದ್ದರು. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು. ಇನ್ನೊಂದು ಸಹಿ ಸಿಗುವಂತಿಲ್ಲ.

ಪುಸ್ತಕದ ಬೆನ್ನು ಬಿಚ್ಚಿತ್ತು. ಹೊಲಿಯಲು ಮಹೇಶಕುಮಾರನಿಗೆ ಕೊಟ್ಟಾಗ ಆಕೆ ಹೇಳಿದ್ದು ಒಂದೇ ಮಾತು: "ಸಹಿ ಇರೋ ಹಾಳಿ ಜತನ."

ಸೇಡಂ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಳು. ಹಿಂದೆಯೂ ಎಷ್ಟೋ ಪುಸ್ತಕ ಹೊಲಿದ ಕೈಗಳು ಅವು... ಆ ಕೈಗಳನ್ನು ನೋಡಲೆಂದೇ ಒಮ್ಮೊಮ್ಮೆ ಹೊಲಿಗೆ ಬಿಚ್ಚದ ಗಟ್ಟಿ ಪುಸ್ತಕವನ್ನೂ ಒಯ್ದಿದ್ದೆನಲ್ಲ... ಹುಚ್ಚಿ ನಾನು.

ಮನೆಯಲ್ಲಿ ತಾಯಿ ಪೀರಮ್ಮ ಪುಸ್ತಕ ತಿರುವಿ ನೋಡಿದರು.

"ಹಾಳಿ ಹರದಾನ ಅಂತಿ. ಈ ಬಿಳೀ ಹಾಳಿ ಉಳಿದವಕ್ಕಿಂತ ದಪ್ಪ ಅದಲ್ಲ?"

"ಬಿಡವ್ವ."

"ಏನ್ ಬಿಡಾದು? ಬೆಳಕಿಗೆ ಹಿಡಿ."

ಕಿಟಕಿಯ ಬಿಸಿಲಿಗೆ ಹಿಡಿದಳು. ಬಿಳಿ ಹಾಳೆಯ ಅಡಿಯಲ್ಲಿ, ಮಸುಕಾಗಿ, ನೀಲಾಬಾಯಿಯ ಅಕ್ಷರಗಳು.

ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಹೇಳಿದ್ದರೆ ಏನಾಗುತ್ತಿತ್ತು ಆ ಮನುಷ್ಯನಿಗೆ?

"ನಿಂಗ ಪುಸ್ತಕದ ಮ್ಯಾಲ ಸಿಟ್ಟೋ, ಅವನ ಮ್ಯಾಲೋ?" ಎಂದರು ಪೀರಮ್ಮ.

ಮೈತ್ರಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಮರುದಿನ ಭಾನುವಾರ. ಬೆಳಗಿನ ರೈಲಿಗೇ ವಾಡಿಗೆ ಬಂದಳು.

"ಸಹಿ ಮುಚ್ಚೀನಿ ಅಂತ ಯಾಕ ಹೇಳಲಿಲ್ಲ?"

"ಕಳ್ಳ ಅಂದ್ರಿ. ಹೇಳೂದೇನು ಉಳೀತು?"

"ಅದು ನನ್ನ ತಪ್ಪು. ಆದ್ರ ಸಹಿ ಮ್ಯಾಲ ಹಾಳಿ ಅಂಟಸ್ತಾರೇನ್ರಿ ಯಾರರೆ?"

"ನೀವೇ ಜತನ ಮಾಡ್ರಿ ಅಂದ್ರಿ. ನಮ್ಮ ಮನ್ಯಾಗ ಜತನ ಅಂದ್ರ ಯಾರ ಕಣ್ಣಿಗೂ ಬೀಳದಂಗ ಇಡೂದು. ನಮ್ಮವ್ವ ಬಂಗಾರ ಸೈತ ಜ್ವಾಳದ ಚೀಲದಾಗ ಇಡ್ತಾಳ."

"ನೋಡ್ಲಿಕ್ಕೇ ಬರದಿದ್ರ ಸಹಿ ಯಾತಕ್ರಿ?"

ಆತ ಎದ್ದ. ಪಕ್ಕದ ಚಹಾ ಅಂಗಡಿಯಿಂದ ಕುದಿಯುವ ಕೆಟಲಿ ತಂದು, ಪುಟವನ್ನು ಉಗಿಗೆ ಹಿಡಿದ. ಮೈದಾ ಅಂಟು ಮೆತ್ತಗಾಯಿತು. ಆತ ಮೂಲೆಯಿಂದ ಎಳೆಎಳೆಯಾಗಿ ಬಿಡಿಸಿದ.

ನೀಲಾಬಾ... ಅಷ್ಟೇ ಉಳಿದಿತ್ತು. ಕೊನೆಯ ಅಕ್ಷರ ಅಂಟಿಸಿದ ಹಾಳೆಗೆ ಹತ್ತಿಕೊಂಡು ಬಂದಿತ್ತು.

"ಹೋತು," ಅಂದಳು. ಕಣ್ಣು ತುಂಬಿದವು.

"ನನ್ನಿಂದ ಹೋತು. ಬೈರಿ. ಬೈದು ಸುಮ್ನ ಹೋಗಬ್ಯಾಡ್ರಿ. ನಿನ್ನೆ ನೀವು ಹೋದಮ್ಯಾಲ ಸೂಜ್ಯಾಗ ದಾರ ಪೋಣಿಸ್ಲಿಕ್ಕೂ ಆಗಲಿಲ್ಲ ನಂಗ."

ಮೈತ್ರಿ ಕಣ್ಣೊರೆಸಿಕೊಂಡು ಆತನನ್ನೇ ನೋಡಿದಳು.

"ಹಿಂಗ ಜತನ ಮಾಡಿ ಮುಚ್ಚಿಟ್ಟಿದ್ದು ಇನ್ನೇನರೆ ಅದ ಏನು?"

ಮಹೇಶಕುಮಾರ ಕೆಟಲಿಯನ್ನು ಪಕ್ಕಕ್ಕೆ ಸರಿಸಿದ.

"ಅದರಿ."

"ಎಂದಿನಿಂದ?"

"ಗಟ್ಟಿ ಇದ್ದ ಪುಸ್ತಕ ಹೊಲಿಸ್ಲಿಕ್ಕೆ ತಂದಿದ್ರಲ್ಲ, ಅಂದಿನಿಂದ."

ಆಕೆಯ ಕೆನ್ನೆ ಬಿಸಿಯಾಯಿತು. ಗೊತ್ತಿತ್ತು ಇವನಿಗೆ...

"ಅದಕ್ಕೂ ಉಗಿ ಹಿಡೀಬೇಕೇನ್ರಿ?"

"ಬ್ಯಾಡ್ರಿ. ನಿಮ್ಮ ಸಿಟ್ಟಿನ ಕಾವಿಗೇ ಬಿಚ್ಚಿಕೊಂತು."

ಮೈತ್ರಿ ಸ್ಟೂಲು ಎಳೆದು ಕುಳಿತಳು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಕುಂದ್ರಿ. ಈ ಸಲ ಒಂದು ಅಕ್ಷರನೂ ಬಿಡದಂಗ ಹೇಳ್ರಿ."