ಕೆಂಪು ಚುಕ್ಕೆಯ ಗುರುತು

"ಕಳ್ಳ!"

ಆ ಒಂದು ಮಾತಿಗೆ ರಾಮದುರ್ಗದ ಪೇಟೆಯಲ್ಲಿ ಅರ್ಧ ಜನ ತಿರುಗಿ ನೋಡಿದರು.

ಪ್ರಜ್ಞಾ ಅವಚಿಕೊಂಡು ಬಂದಿದ್ದ ಕಂಪ್ಯೂಟರ್ ಡಬ್ಬಿಯನ್ನು ರಿಪೇರಿ ಅಂಗಡಿಯ ಟೇಬಲ್ಲಿನ ಮೇಲೆ ಧಡ್ ಎಂದು ಇಟ್ಟಳು. ಅಂಗಡಿಯವನಾದ ಬಸವಲಿಂಗನ ಚಹಾದ ಗ್ಲಾಸು ಉರುಳಿತು. ಬಿಸಿ ಚಹಾ ಅವನ ಪ್ಯಾಂಟಿನ ಮೇಲೆಯೇ ಹರಿಯಿತು.

"ಯಾರ್ರೀ ನೀವು? ಯಾರಿಗೆ ಕಳ್ಳ ಅನ್ನಾಕ್ಹತ್ತೀರಿ?" ಅವನು ಧಿಗ್ಗನೆ ಎದ್ದು ನಿಂತ.

"ನಿನಗ! ಹಬ್ಬದ ಮುಂಚೆ ನಾ ಇಲ್ಲದಾಗ ನನ್ನ ಕ್ಲಾಸಿಗೆ ಬಂದು ಇದನ್ನ ಸರ್ವಿಸ್ ಮಾಡಿ ಹೋದಾಂವ ನೀನಲ್ಲೇನು? ಇವತ್ತ ಬಟನ್ ಒತ್ತಿದ್ರ ಪಡದಿ ಕರ್ರಗ! ಬರೇ ಬೀಪ್ ಹೊಡಿತೈತಿ. ಬೀಪ್ ಯಾಕ ಹೊಡಿತೈತಿ ಹೇಳು?"

"ರ‍್ಯಾಮ್ ಸಿಗದಿದ್ರ ಹೊಡಿತೈತಿ. ಅದಕ್ಕ?"

"ಅದಕ್ಕ ಕಳ್ಳ ಅಂದೆ! ನನ್ನ ಚೊಲೋ ರ‍್ಯಾಮ್ ತಗೊಂಡು ಕೆಟ್ಟದ್ದು ಹಾಕಿ ಕೊಟ್ಟಿ!"

ಬಸವಲಿಂಗನ ಕಿವಿ ಕೆಂಪಾದವು. ಅವನೇನು ಸಮಾಧಾನಿ ಮನುಷ್ಯನಲ್ಲ. ಗಿರಾಕಿಗಳ ಜೊತೆ ಜಗಳವಾಡದೆ ಅವನಿಗೆ ತಿಂದ ರೊಟ್ಟಿ ಕರಗುತ್ತಿರಲಿಲ್ಲ.

"ಬಾಯಿ ಸಂಭಾಳಿಸ್ರಿ, ಬಾಯಾರ! ನಿಮ್ಮ ಹಳೇ ರ‍್ಯಾಮ್ ತಗೊಂಡು ನಾ ಅರಮನಿ ಕಟ್ಟಸೂದೈತೇನು?"

"ಒಂದೊಂದ ಸಾಮಾನಿಗೂ ಕೆಂಪು ಉಗುರಬಣ್ಣದ ಚುಕ್ಕಿ ಇಟ್ಟೇನಿ. ನಿನ್ನಂಥವರು ಅದಾರಂತನ ಇಟ್ಟೇನಿ! ಬಿಚ್ಚು. ತೋರಸು."

"ಬಿಚ್ಚತೇನಿ! ಚುಕ್ಕಿ ಇದ್ರ ಇದ ಪ್ಯಾಟ್ಯಾಗ ನಿಂತು ಹೇಳಬೇಕು, ಬಸವಲಿಂಗ ಕಳ್ಳ ಅಲ್ಲಂತ!"

"ಒದರಿ ಹೇಳತೇನಿ! ಇರಲಿಲ್ಲಂದ್ರ?"

"ಅಂಗಡಿ ಬಾಗಲಾ ಮುಚ್ಚತೇನಿ!"

ಅವನು ಡಬ್ಬಿಯನ್ನು ತನ್ನ ಕಡೆ ತಿರುಗಿಸಿಕೊಂಡು ಸ್ಕ್ರೂ ತೆಗೆದ. ಪಕ್ಕದ ತಗಡನ್ನು ಸರಿಸಿದ. ಒಳಗೆ ಇಣುಕಿದ...

ಅಷ್ಟೇ. ಬೆಂಕಿಗೆ ನೀರು ಸುರಿದಂತೆ ಅವನ ಮುಖ ತಣ್ಣಗಾಯಿತು. ತಗಡನ್ನು ಮತ್ತೆ ಮುಚ್ಚಿದ.

"ನಂದ ತಪ್ಪು," ಎಂದ ನೆಲ ನೋಡುತ್ತ. "ನಾಳೆ ಮಧ್ಯಾಹ್ನ ಬರ್ರಿ. ಸರಿ ಮಾಡಿ ಕೊಡತೇನಿ."

"ತೋರಸು!"

"ತೋರಸಂಗಿಲ್ಲ."

"ಚುಕ್ಕಿ ಇಲ್ಲ. ಹೌದಿಲ್ಲೋ?"

ಅವನು ಡಬ್ಬಿಯನ್ನು ಎತ್ತಿ ಟೇಬಲ್ಲಿನ ಕೆಳಗೆ ಸರಿಸಿದ.

ಥೂ! ಕದ್ದವನು ಕದ್ದೆ ಅಂತ ಒಪ್ಪಿಕೊಂಡಂತೆಯೇ ಆಯಿತಲ್ಲ! ಪ್ರಜ್ಞಾ ಚಪ್ಪಲಿ ಬಡಿಯುತ್ತ ಹೊರಟುಹೋದಳು.

ಅವಳ ಸಿಟ್ಟಿಗೆ ಕಾರಣವಿತ್ತು. ತೊರಗಲ್ಲಿನ ಪ್ರಜ್ಞಾ ರಾಮದುರ್ಗದಲ್ಲಿ ಸುಂದರವ್ವನ ಮನೆಯ ಮಾಳಿಗೆಯ ಖೋಲಿ ಬಾಡಿಗೆ ಹಿಡಿದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಬಸವಲಿಂಗ ಆ ಸುಂದರವ್ವನ ಮಗನೇ. ಹೆಸರು ಕೇಳಿದ್ದಳು, ಫೋನಿನಲ್ಲಿ ಮಾತಾಡಿದ್ದಳು, ಮುಖ ನೋಡಿದ್ದು ಇವತ್ತೇ.

ಕ್ಲಾಸಿಗೆ ಬರುವವರು ಸುರೇಬಾನದ ಕಡೆಯ ಹುಡುಗಿಯರು. ಮನೆಯಲ್ಲಿ ಅತ್ತು, ಹಟ ಮಾಡಿ, ಬಸ್ಸು ಹಿಡಿದು ಬರುವವರು. ನಾಡಿದ್ದು ಅವರ ಪರೀಕ್ಷೆ. ಅವರು ಇಷ್ಟು ತಿಂಗಳು ಮಾಡಿದ ಕೆಲಸವೆಲ್ಲ ಆ ಒಂದೇ ಮಶೀನಿನಲ್ಲಿತ್ತು. ಅದನ್ನು ತೋರಿಸದಿದ್ದರೆ ಎಲ್ಲರೂ ನಪಾಸು. ನಪಾಸಾದ ಹುಡುಗಿಯನ್ನು ಯಾವ ಅಪ್ಪ ಮತ್ತೆ ಬಸ್ಸು ಹತ್ತಿಸುತ್ತಾನೆ?

ಅವತ್ತು ಪಾಠದಲ್ಲೂ ಅವಳ ದನಿ ಗರಗಸದಂತಿತ್ತು.

"ಪ್ರೊಸೆಸರ್ ಏನ ಮಾಡತೈತಿ? ಹೇಳ್ರಿ!"

"ಲೆಕ್ಕಾ ಮಾಡತೈತ್ರೀ."

"ಮದರ್‌ಬೋರ್ಡ್?"

"ಎಲ್ಲಾ ಸಾಮಾನು ಅದರ ಮ್ಯಾಲ ಕುಂದರತಾವ್ರಿ. ಒಂದರ ಮಾತು ಒಂದಕ್ಕ ಮುಟ್ಟಸತೈತ್ರೀ."

"ಎಸ್‌ಎಂಪಿಎಸ್?"

"ಕರೆಂಟ್ ಹಂಚತೈತ್ರೀ," ಎಂದ ಅನ್ನಪೂರ್ಣಾ ಅಲ್ಲೇ ಕೇಳಿದಳು, "ಮೇಡಂ... ನಾವು ಮಾಡಿದ್ದೆಲ್ಲಾ ಹೋತೇನ್ರಿ?"

ಪ್ರಜ್ಞಾ ಅವಳ ಹತ್ತಿರ ಬಂದಳು. "ರ‍್ಯಾಮ್‌ನಾಗಿಂದು ಕರೆಂಟ್ ಹೋದ ಕೂಡಲೇ ಹೋಗತೈತಿ. ಹಾರ್ಡ್ ಡಿಸ್ಕಿನ್ಯಾಗ ಇಟ್ಟದ್ದು ಉಳಿತೈತಿ ಅವ್ವಿ. ಹೆದರಬ್ಯಾಡ."

ಆದರೆ ಹೆದರಿದವಳು ಅವಳೇ. ಆ ಹಾರ್ಡ್ ಡಿಸ್ಕೂ ಈಗ ಅವನ ಕೈಯಲ್ಲೇ ಇದೆಯಲ್ಲ!

ಇನ್ನೊಂದು ಮುಳ್ಳು ಅವಳನ್ನು ಚುಚ್ಚುತ್ತಲೇ ಇತ್ತು... ಕಳ್ಳನಾದವನು ಇನ್ನೂ ಜೋರು ಕೂಗಾಡುತ್ತಾನೆ. ಇವನೇಕೆ ಸುಮ್ಮನಾದ? ಆ ಕಣ್ಣಲ್ಲಿ ಇದ್ದದ್ದು ಅಂಜಿಕೆಯೋ, ಸಂಕಟವೋ?

ಮರುದಿನ ಮಧ್ಯಾಹ್ನ ಅವಳು ಹೋದಾಗ ಅಂಗಡಿ ತೆರೆದೇ ಇತ್ತು. ಬಸವಲಿಂಗ ಹಿಂದೆ ಕೈ ತೊಳೆಯುತ್ತಿದ್ದ.

ಟೇಬಲ್ಲಿನ ಮೇಲೆ ಅವಳ ಮದರ್‌ಬೋರ್ಡು ಬಿದ್ದಿತ್ತು. ಅದರ ಮೇಲೆ ಅವಳದೇ ಕೆಂಪು ಚುಕ್ಕೆ. ಪಕ್ಕದಲ್ಲಿ ರ‍್ಯಾಮ್. ಅದರ ಮೇಲೂ ಚುಕ್ಕೆ!

ಅಂದರೆ... ಇವನು ಏನೂ ಕದ್ದಿಲ್ಲ?

ಆಮೇಲೆ ಅವಳ ಕಣ್ಣು ಕಂಡದ್ದೇ ಬೇರೆ. ರ‍್ಯಾಮ್ ಕೂಡುವ ಸಂದಿನ ತುಂಬ ಅರಿಶಿನ, ಕುಂಕುಮ. ಅಂಟಂಟು ಕಲೆ. ಪಕ್ಕದ ಕಾಗದದ ಮೇಲೆ ಡಬ್ಬಿಯಿಂದ ಗುಡಿಸಿ ತೆಗೆದ ಒಣ ಚೆಂಡು ಹೂವಿನ ಎಸಳು.

ಅವಳ ಮೈ ಉರಿದುಹೋಯಿತು.

ಮಹಾನವಮಿಗೆ ಅವಳು ಊರಲ್ಲಿರಲಿಲ್ಲ. ಬೌದ್ಧರಾದ ಅವರ ಮನೆಯಲ್ಲಿ ವಿಜಯದಶಮಿಯೆಂದರೆ ಬುದ್ಧವಂದನೆ. ಅದಕ್ಕೇ ತೊರಗಲ್ಲಿಗೆ ಹೋಗಿದ್ದಳು. ಬೀಗದ ಇನ್ನೊಂದು ಕೀಲಿ ಸುಂದರವ್ವನ ಹತ್ತಿರವಿತ್ತು.

ಹಿಂದೆ ಸವದತ್ತಿಯಲ್ಲಿ ಖೋಲಿ ಹಿಡಿದಾಗ ಏನಾಗಿತ್ತು? ಇವಳು ಯಾವ ಓಣಿಯವಳೆಂದು ಗೊತ್ತಾದ ದಿನ ಮನೆ ಮಾಲೀಕ ಖೋಲಿಯ ತುಂಬ ಗೋಮೂತ್ರ ಚಿಮುಕಿಸಿದ್ದ. ಅವಳು ಅವತ್ತೇ ಗಂಟು ಕಟ್ಟಿದ್ದಳು.

ಇಲ್ಲೂ ಅದೇ! ಇಲ್ಲೂ ಅದೇ!

ಬಸವಲಿಂಗ ಒಳಗೆ ಬಂದವನು ಅಲ್ಲೇ ಕಲ್ಲಾದ.

"ಪ್ರಜ್ಞಾ ಅವರ... ನೀವು ಅಂದ್ಕೊಂಡಂಗ ಅಲ್ಲ..."

"ಏನು ಅಂದ್ಕೊಂಡೇನಿ ಅಂತ ನಿಮಗ ಹ್ಯಾಂಗ ಗೊತ್ತು? ಗೊತ್ತಿದ್ದಕ್ಕ ಮುಚ್ಚಿಟ್ರಿ, ಹೌದಿಲ್ಲೋ? ನಾ ಕಾಲಿಟ್ಟ ಖೋಲಿ ಶುದ್ಧಿ ಮಾಡೀರಿ! ನನ್ನ ಮಶೀನ ಶುದ್ಧಿ ಮಾಡೀರಿ! ಕಳ್ಳ ಅಂದಿದ್ದ ಕಡಿಮಿ ಆತು ನಿಮಗ!"

"ಶುದ್ಧಿ?"

ಬಾಗಿಲಲ್ಲಿ ಸುಂದರವ್ವ ನಿಂತಿದ್ದಳು. ಊಟಕ್ಕೆ ಬಾರದ ಮಗನಿಗೆ ಬುತ್ತಿ ತಂದಿದ್ದಳು.

"ಶುದ್ಧಿ ಅಂದ್ರ ಏನಬೇ ಪ್ರಜ್ಞಾ? ನಾ ಪೂಜಿ ಮಾಡಿದ್ನಿ! ಆಯುಧ ಪೂಜಿಸೂ ಖಂಡೇಪೂಜಿ ದಿನ ಇವನ ಸ್ಕ್ರೂಡ್ರೈವರ್‌ಗೂ ಕುಂಕುಮ ಹಚ್ಚಿದ್ನಿ. ಮ್ಯಾಲ ನಿನ್ನ ಮಶೀನ ಹಂಗ ಬೋಳಬೋಳ ಕುಂತಿದ್ದು. ಹುಡಿಗಿ ಅದರ ಮ್ಯಾಲ ಅನ್ನಾ ಉಣ್ಣತಾಳ, ಬಿಡೂದು ಹ್ಯಾಂಗಂತ ಹೋಗಿ ಕಾಯಿ ಒಡದ್ನಿ. ಕಾಯಿನೀರು ಹಾಕಿದ್ನಿ."

"ಡಬ್ಬಿ ಮ್ಯಾಲ ಜಾಳಗಿ ಇರತೈತಿ ಯವ್ವಾ!" ಬಸವಲಿಂಗ ತಲೆ ಹಿಡಿದುಕೊಂಡ. "ಗಾಳಿ ಆಡಾಕ! ಅದರಾಗಿಂದ ಎಲ್ಲಾ ಒಳಗ ಇಳದೈತಿ!"

"ನನಗೇನ ಗೊತ್ತೋ ಭಾಡ್ಯಾ! ಎಲ್ಲಾದಕ್ಕೂ ಒಂದೊಂದ ಹನಿ ಹಾಕಿದ್ನಿ. ಇದರ ಮ್ಯಾಲಷ್ಟ ತುಸು ಜಾಸ್ತಿ." ಅವಳು ಪ್ರಜ್ಞಾಳ ಕಡೆ ತಿರುಗಿದಳು. "'ಅವ್ವಾರ, ಇದ ದೊಡ್ಡದು, ಎಲ್ಲಾರ ಕೆಲಸಾ ಇದರಾಗ ಐತಿ' ಅಂತ ನೀನ ಹೇಳಿದ್ಯಲ್ಲಬೇ!"

ಪ್ರಜ್ಞಾಳಿಗೆ ನಗು ಬಂತೋ, ಅಳು ಬಂತೋ... ಕಣ್ಣಂತೂ ತುಂಬಿತು. ದಿನಾ ಸಂಜೆ ತನ್ನ ಕೈಯ ಚಹಾ ಕುಡಿದು, ತಟ್ಟೆಯಲ್ಲಿ ಉಳಿದದ್ದನ್ನೂ ಸೊರ್ ಎಂದು ಹೀರುವ ಮುದುಕಿ ಇದು. ಇವಳ ಮೇಲೆ ಎಂಥ ಮಾತು ಹೊರಿಸಿದೆ!

ಆದರೂ ಅವಳು ಸುಮ್ಮನೆ ಕರಗುವವಳಲ್ಲ.

"ಆದ್ರೂ ಅವ್ವಾರ, ನನ್ನ ಬೀಗಾ ತಗಿಯೂ ಮುಂಚೆ ನನ್ನ ಒಂದ ಮಾತು ಕೇಳಬೇಕಿತ್ತು. ನಾವು ಪೂಜಿ ಮಾಡೂ ಮಂದಿ ಅಲ್ಲ."

ಸುಂದರವ್ವ ಮುಖ ತಗ್ಗಿಸಿದಳು. "ಕೇಳಬೇಕಿತ್ತು. ತಪ್ಪಾತು ತಂಗಿ. ಇನ್ನ ಮುಂದ ಕೇಳದ ಕಾಲಿಡಂಗಿಲ್ಲ."

ಆಗ ಪ್ರಜ್ಞಾಳ ಸಿಟ್ಟೆಲ್ಲ ಬಸವಲಿಂಗನ ಕಡೆ ಹೊರಳಿತು.

"ನೀವು? ನಿನ್ನೇನ ಬಾಯಿ ಬಿಟ್ಟಿದ್ರ ಏನಾಗತಿತ್ತು? ಎಲ್ಲಾರ ಮುಂದ ಕಳ್ಳ ಅನಿಸ್ಕೊಂಡು ನಿಂತ್ರಿ!"

"ಕುಂಕುಮ ನೋಡಿದ ಕೂಡಲೇ ಗೊತ್ತಾತು, ಅವ್ವನ ಕೆಲಸಾ ಅಂತ. ಸವದತ್ತಿ ಕಥಿ ನೀವು ಅವ್ವಗ ಹೇಳಿದ್ರಿ. ಅವ್ವ ನನಗ ಹೇಳಿದ್ಲು." ಅವನ ದನಿ ಇಳಿಯಿತು. "ಇದನ್ನ ನೋಡಿದ್ರ ನೀವು ಖೋಲಿ ಬಿಟ್ಟು ಹೋಗತಿದ್ರಿ."

"ಹೋದ್ರ ನಿಮಗೇನು?"

"ನನಗೇನಾ?" ಅವನಿಗೂ ಸಿಟ್ಟು ಬಂತು. "ನೀವು ಬರೂಕಿಂತ ಮುಂಚೆ ನಾ ಬುತ್ತಿ ಕಟಗೊಂಡು ಅಂಗಡಿಗೆ ಬರತಿದ್ನಿ. ಈಗ ದಿನಾ ಮಧ್ಯಾಹ್ನ ಮನಿಗೆ ಓಡತೇನಿ. ಯಾಕ? ನೀವು ಮ್ಯಾಲ ಪಾಠಾ ಹೇಳೂದು ಅಡಗಿಮನಿಗೆ ಕೇಳಸತೈತಿ! ಪ್ರೊಸೆಸರ್ ಏನ ಮಾಡತೈತಿ ಅಂತ ನನಗ ಗೊತ್ತಿಲ್ಲೇನು? ಗೊತ್ತಿದ್ದದ್ದನ್ನ ದಿನಾ ನಿಮ್ಮ ಬಾಯಿಂದ ಕೇಳಾಕ ಬರತೇನಿ! ಮುಖ ತೋರಸೂ ಧೈರ್ಯ ಆಗಲಿಲ್ಲ, ಅಷ್ಟ!"

"ಅದಕ್ಕೇನೋ!" ಸುಂದರವ್ವ ಚೀರಿದಳು. "ಬಿಸಿ ರೊಟ್ಟಿ ಬೇಕಂತ ಸುಳ್ಳ ಹೇಳಿ, ಮಧ್ಯಾಹ್ನದಾಗ ನನ್ನ ಒಲಿ ಮುಂದ ಕುಂದರಸಿದ್ದಿ! ಠಕ್ಕ ಭಾಡ್ಯಾ!" ಬುತ್ತಿಯನ್ನು ಟೇಬಲ್ಲಿಗೆ ಕುಕ್ಕಿ, ಬಾಯಿಗೆ ಸೆರಗು ಹಿಡಿದುಕೊಂಡು ನಡೆದೇಬಿಟ್ಟಳು. ನಗು ಮಾತ್ರ ಸೆರಗಿನಾಚೆಗೂ ಕೇಳಿಸಿತು.

ಪ್ರಜ್ಞಾಳ ಕೆನ್ನೆ ಸುಡುತ್ತಿದ್ದವು. ಈ ಸಲ ಸಿಟ್ಟಿಗಲ್ಲ.

"ಮಶೀನ?" ಎಂದಳು ಮೆಲ್ಲಗೆ.

ಅವನು ಬಟನ್ ಒತ್ತಿದ. ಫ್ಯಾನು ತಿರುಗಿತು. ಪರದೆ ಬೆಳಗಿತು. ಹುಡುಗಿಯರ ಹೆಸರಿನ ಕಡತಗಳು ಸಾಲಾಗಿ ಕಂಡವು. ಅನ್ನಪೂರ್ಣಾಳದು ಮೊದಲಿಗೇ ಇತ್ತು.

"ಹಾರ್ಡ್ ಡಿಸ್ಕಿಗೆ ಏನೂ ಆಗಿಲ್ಲ. ಬೋರ್ಡು ಮಾತ್ರ ಬದುಕಲಿಲ್ಲ. ರ‍್ಯಾಮೂ ಹೋತು. ಅಂಗಡ್ಯಾಗಿನ ನನ್ನ ಸ್ವಂತ ಮಶೀನದ್ದು ಬಿಚ್ಚಿ ಹಾಕೇನಿ."

ಅವಳು ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ನಿಂತಳು. ಎದುರಿಗೆ ಪಾತ್ರೆ-ಬಾಂಡೆ ಅಂಗಡಿ, ಚಹಾದ ಗಾಡಿ. ನಿನ್ನೆ ತಮಾಷೆ ನೋಡಿದ ಜನವೆಲ್ಲ ಅಲ್ಲೇ ಇದ್ದರು.

"ಎಲ್ಲಾರೂ ಕೇಳ್ರಿ!" ಎಂದು ಒದರಿದಳು. "ಈ ಬಸವಲಿಂಗ ಕಳ್ಳ ಅಲ್ಲ! ಸುಳ್ಳಬುರಕ ಅದಾನ, ಜಗಳಗಂಟ ಅದಾನ, ಆದ್ರ ಕಳ್ಳ ಅಲ್ಲ!"

"ನಾವೇನ ನಂಬಿದ್ವೇನಬೇ!" ಚಹಾದ ಮುತ್ತಪ್ಪ ಅಲ್ಲಿಂದಲೇ ಕೂಗಿದ. "ಎರಡ ಚಹಾ ಕಳಸಲೇನು?"

ಪ್ರಜ್ಞಾ ಒಳಗೆ ಬಂದಳು. ಪರ್ಸಿನಿಂದ ಉಗುರುಬಣ್ಣದ ಸೀಸೆ ತೆಗೆದಳು. ಅವನು ಹೊಸ ಬೋರ್ಡಿಗೆ ಗುರುತು ಹಾಕುತ್ತಾಳೆಂದುಕೊಂಡು ಮಶೀನು ಆರಿಸಿ ತಗಡು ಸರಿಸಿದ. ಅವಳು ಬೋರ್ಡಿಗೊಂದು ಚುಕ್ಕೆ ಇಟ್ಟಳು. ರ‍್ಯಾಮಿಗೊಂದು ಇಟ್ಟಳು. ಆಮೇಲೆ ಅವನ ಕೈ ಎಳೆದುಕೊಂಡು ಹೆಬ್ಬೆರಳ ಉಗುರಿನ ಮೇಲೆ ಇನ್ನೊಂದು ಕೆಂಪು ಚುಕ್ಕೆ ಇಟ್ಟಳು.

"ಇದೇನ್ರಿ?" ಅವನು ಉಗುರು ನೋಡುತ್ತ ಕೇಳಿದ.

"ನನ್ನ ಸಾಮಾನಿಗೆಲ್ಲಾ ಇಡತೇನಿ," ಎಂದಳು ತಲೆ ಎತ್ತದೆ. "ನಾಳೆ ಯಾರರ ಬದಲ ಮಾಡಿದ್ರ ಗೊತ್ತಾಗಬೇಕಲ್ಲ."

"ಉಗುರು ಬೆಳದು ಚುಕ್ಕಿ ಹೋದ್ರ?"

"ಮತ್ತ ಬರ್ರಿ. ಊಟದ ಹೊತ್ತಿಗೆ. ಈ ಸಲ ಅಡಗಿಮನಿಯಾಗ ಕುಂದರಬ್ಯಾಡ್ರಿ... ಮ್ಯಾಲ ಬರ್ರಿ."