ನಿನ್ನೆಯ ಇಂಗ್ಲಿಷು

ಕಸ್ತೂರಿ ಶರ್ಟಿನ ಕಾಲರಿನಡಿ ನೇತಾಡುತ್ತಿದ್ದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಒಂದು ಮುಗಿದರೆ ಮಡಚಿ ಎಡಕ್ಕಿಡುವುದು, ಬಲಗಡೆಯಿಂದ ಇನ್ನೊಂದನ್ನು ಎಳೆದುಕೊಳ್ಳುವುದು. ಮಾತಿಲ್ಲ. ಕಟ್ಟು ಮುಗಿದು ಕತ್ತರಿ ಕೆಳಗಿಟ್ಟ ಕೂಡಲೇ ಬಲಗಿವಿಯ ಹಿಂದೆ ಅಂಟಿಸಿದ್ದ ಗುಂಡಿ ಬೆಚ್ಚಗಾಯಿತು. ಈಗಷ್ಟೇ ಮಡಚಿದ ಶರ್ಟುಗಳು, ಹೊಸ ಬಟ್ಟೆಯ ಗಂಜಿಯ ವಾಸನೆ, ಬೆರಳಿಗೆ ಒತ್ತಿದ ಕತ್ತರಿಯ ಹಿಡಿ ಎಲ್ಲವೂ ಮತ್ತೊಮ್ಮೆ ಕಣ್ಣ ಮುಂದೆ ಬಂದವು. ಅವುಗಳ ಜೊತೆಗೇ ತುಟಿಗೊಂದು ವಾಕ್ಯ ಬಂತು.

“ಐ ಫೋಲ್ಡೆಡ್ ದ ಶರ್ಟ್ಸ್,” ಎಂದಳು, ತನಗಷ್ಟೇ ಕೇಳುವಂತೆ.

ಆ ಗುಂಡಿಯ ಹೆಸರು ಸ್ಮೃತಿಬೋಧಕ. ಧರಿಸಿದವರು ಏನಾದರೂ ಮಾಡಿದಾಗ ಮಿದುಳಿನ ಯಾವ ಮೂಲೆಯಲ್ಲಿ ಆ ನೆನಪು ಕೂತಿತೆಂದು ಅದು ಗುರುತಿಟ್ಟುಕೊಳ್ಳುತ್ತಿತ್ತು. ತುಸು ಹೊತ್ತಿನ ಮೇಲೆ ಅದೇ ನೆನಪನ್ನು ಎಬ್ಬಿಸಿ, ಅದಕ್ಕೆ ತಕ್ಕ ಇಂಗ್ಲಿಷ್ ವಾಕ್ಯವನ್ನು ಅದರ ಮೇಲೆಯೇ ಹೊಂದಿಸುತ್ತಿತ್ತು. ಪುಸ್ತಕ ಬೇಡ, ಬಾಯಿಪಾಠ ಬೇಡ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಕಸ್ತೂರಿಗೂ ಎರಡೇ ತಿಂಗಳಲ್ಲಿ ನಾಲಿಗೆ ತಿರುಗಿತ್ತು.

ಅನುವಾದ ಮಾಡುವ ಯಂತ್ರಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಆದರೆ ಕಾರ್ಖಾನೆಗಳು ಅವುಗಳನ್ನು ಒಳಗೊಳಗೇ ತಿದ್ದಿ, ಕೆಲಸಗಾರರ ಗೋಳನ್ನು ಹೊಗಳಿಕೆಯಾಗಿ ಅನುವಾದಿಸುತ್ತಿದ್ದುದು ಬಯಲಾದ ಮೇಲೆ ಹೊರದೇಶದ ಖರೀದಿದಾರರು ಪಟ್ಟು ಹಿಡಿದಿದ್ದರು: ಕೆಲಸಗಾರರು ತಮ್ಮ ಬಾಯಿಂದಲೇ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಹುಬ್ಬಳ್ಳಿಯಾಚೆಯ ಈ ಸಿದ್ಧ ಉಡುಪಿನ ಕಾರ್ಖಾನೆಯ ಮ್ಯಾನೇಜರ್ ಶಿರಹಟ್ಟಿಯವರು ಭೂತಕಾಲದ ಪಾಠವನ್ನಷ್ಟೇ ತರಿಸಿದರು. ತಪಾಸಣೆಯವರು ಕೇಳುವುದೆಲ್ಲ ಆಗಿಹೋದದ್ದನ್ನು. ಉಳಿದ ಕಾಲಗಳು ಯಾಕೆ? ಶಾಲೆಯಲ್ಲಿ ಕಲಿತ ಇಂಗ್ಲಿಷು ಎಂದೋ ಮರೆತುಹೋಗಿದ್ದರಿಂದ ತಾವೂ ಒಂದು ಗುಂಡಿ ಅಂಟಿಸಿಕೊಂಡು ಮೇಲೆ ಕೂದಲು ಇಳಿಬಿಟ್ಟಿದ್ದರು.

“ನೀರ ಬೇಕಂದ್ರ ಕೇಳಾಕ ಬರೂದಿಲ್ಲ, ಕುಡದ ಮ್ಯಾಲ ಹೇಳಾಕ ಬರ್ತದ,” ಎಂದು ಪಕ್ಕದ ಮೇಜಿನ ರೇಣವ್ವ ನಗುತ್ತಿದ್ದಳು. “ಥೇಟ್ ನನ್ನ ಗಂಡನಂಗ ಐತಿ ಈ ಇಂಗ್ಲಿಷು. ಆಗಿ ಹೋದದ್ದ ಎತ್ತಿ ಆಡೂದು ಒಂದ ಗೊತ್ತು.”

ನಗುವಾಗಲೂ ಅವಳ ಬಲಗೈ ಮಡಿಲಲ್ಲೇ ಇರುತ್ತಿತ್ತು. ಹಿಂದಿನ ತಿಂಗಳು ಇಸ್ತ್ರಿ ವಿಭಾಗಕ್ಕೆ ಬೆಂಕಿ ಹತ್ತಿದಾಗ ಎಲ್ಲರೂ ಹಿಂಬಾಗಿಲಿಗೆ ಓಡಿದ್ದರು. ಬಟ್ಟೆ ಕದ್ದೊಯ್ಯುತ್ತಾರೆಂದು ಅದಕ್ಕೆ ಬೀಗ ಹಾಕಿತ್ತು. ಕಾದ ಕಬ್ಬಿಣದ ಬಾಗಿಲನ್ನು ಬಡಿದು ಬಡಿದು ರೇಣವ್ವನ ಅಂಗೈ ಸುಟ್ಟಿತ್ತು. ಅಷ್ಟರಲ್ಲಿ ಹೊರಗಿನವರು ಬೆಂಕಿ ಆರಿಸಿದ್ದರಿಂದ ಜೀವ ಉಳಿದಿತ್ತು. ಬೀಗ ಈಗಲೂ ಹಾಗೆಯೇ ಇತ್ತು.

ಸುದ್ದಿ ಖರೀದಿದಾರರ ಕಿವಿಗೆ ಬಿದ್ದು ತಪಾಸಣೆ ನಿಗದಿಯಾಯಿತು. ಶಿರಹಟ್ಟಿಯವರು ಕಸ್ತೂರಿಯನ್ನು ಕರೆಸಿದರು.

“ನೀ ಹೆಚ್ಚಿಗಿ ಮಾತಾಡಾಕಿ ಅಲ್ಲ, ಅದಕ್ಕ ನಿನ್ನ ಆರಿಸೇನಿ. ಬಾಗಲಾ ತಗದಿತ್ತು ಅಂತ ಇಂಗ್ಲಿಷ್‌ನ್ಯಾಗ ಹೇಳು. ಒಂದ ವಾಕ್ಯ. ಆರ್ಡರ್ ಹೋತಂದ್ರ ನಿಮ್ಮೆಲ್ಲಾರ ಕೆಲಸಾನೂ ಹೋಗ್ತದ, ನಂದೂ ಹೋಗ್ತದ.”

ಆ ಒಂದು ವಾಕ್ಯವನ್ನು ಅವರು ತಾವು ಇಂಗ್ಲಿಷಿನಲ್ಲಿ ಹೇಳಿ ತೋರಿಸಲಿಲ್ಲ. ಕಸ್ತೂರಿ ಅದನ್ನು ಗಮನಿಸಿದಳು, ಯಾಕೆಂದು ಹೊಳೆಯಲಿಲ್ಲ.

“ಹೇಳಿಬಿಡ ಯವ್ವಾ,” ಎಂದಳು ರೇಣವ್ವ. “ಕೈಯಂತೂ ಸುಟ್ಟದ. ಕೆಲಸಾದ್ರೂ ಉಳೀಲಿ.”

ಹೇಳಲು ಕಸ್ತೂರಿ ತಯಾರಿದ್ದಳು. ಅವಳ ಪಗಾರದ ಮೇಲೆಯೇ ಮನೆಯ ಒಲೆ ಉರಿಯುತ್ತಿತ್ತು. ಬಸ್ಸಿನಲ್ಲಿ, ಬಚ್ಚಲಲ್ಲಿ, ಊಟದ ಬಿಡುವಿನಲ್ಲಿ ಪ್ರಯತ್ನಿಸಿದಳು. “ದ ಡೋರ್...” ಎಂಬಲ್ಲಿಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮುಂದಿನ ಮಾತಿನ ಬದಲು ಹೊಗೆ ಬರುತ್ತಿತ್ತು, ರೇಣವ್ವನ ಕೆಮ್ಮು ಬರುತ್ತಿತ್ತು. ಕೊನೆಗೆ, ಗುಂಡಿಗಳನ್ನು ಪರೀಕ್ಷಿಸಲು ವಾರಕ್ಕೊಮ್ಮೆ ಬರುತ್ತಿದ್ದ ವಿಜ್ಞಾನಿ ಡಾ. ಇಂದುಮತಿಯವರ ಮುಂದೆ ಹೋಗಿ ನಿಂತಳು.

“ಮೇಡಂ, ಒಂದ ವಾಕ್ಯ ಬರವಲ್ದು.” ಯಾವುದೆಂದು ಕನ್ನಡದಲ್ಲಿ ಹೇಳಿದಳು.

“ದ ಡೋರ್ ವಾಸ್ ಓಪನ್. ಇದರಾಗ ಕಷ್ಟ ಏನದ?”

“ನಿಮಗ ಗುಂಡಿ ಇಲ್ಲಲ್ರೀ.”

ಇಂದುಮತಿ ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟರು. “ಖರೇ ಹೇಳು. ಬಾಗಲಾ ತಗದಿತ್ತೇನು?”

ಕಸ್ತೂರಿ ನೆಲ ನೋಡಿದಳು. ಇಂದುಮತಿ ಹೇಳಿದರು: “ನಾವು ಸಾಲ್ಯಾಗ ಪುಸ್ತಕ ಓದಿ ಕಲತೀವಿ. ಯಾರೋ ಊರಿಗೆ ಹೋದ, ಯಾರೋ ಹಣ್ಣು ತಿಂದ. ಯಾರು, ಯಾವ ಊರು, ಒಂದೂ ಗೊತ್ತಿಲ್ಲ. ಹಿಂಗಾಗಿ ನಮಗ ಸುಳ್ಳೂ ಸರಾಗ ಬರ್ತದ. ನಿನ್ನ ಇಂಗ್ಲಿಷು ಬೆಳದದ್ದ ನೆನಪಿನ ಮ್ಯಾಲ. ನಡೀದ ಇದ್ದದ್ದಕ್ಕ ನೆನಪಿಲ್ಲ, ನೆನಪಿಲ್ಲದ್ದಕ್ಕ ಬಾಯಿ ಏಳೂದಿಲ್ಲ. ಇದು ನಮಗೂ ಹೊಳದಿರಲಿಲ್ಲ.”

“ಹಂಗಾರ ಗುಂಡಿ ಕಿತ್ತಬಿಡ್ರಿ.”

“ಕಿತ್ರೂ ಅಷ್ಟ. ಈಜು ಕಲತವರು ಮರೀತಾರೇನು?”

“ಕನ್ನಡದಾಗ ಹೇಳಲೇನ್ರೀ? ಕನ್ನಡದಾಗ ಸುಳ್ಳು ಬರ್ತದ.”

ಇಂದುಮತಿಯವರಿಗೆ ನಗು ಬಂತು. ಕಸ್ತೂರಿ ನಗಲಿಲ್ಲ.

ತಪಾಸಣೆಯ ದಿನ ಹೊಲಿಗೆಯ ಸಾಲುಗಳ ನಡುವೆ ದೊಡ್ಡ ವಿಡಿಯೊ ಪರದೆ ನಿಲ್ಲಿಸಿದ್ದರು. ಹಿಂಬಾಗಿಲಿಗೆ ಅಡ್ಡವಾಗಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ಪರದೆಯ ಮೇಲೆ ಖರೀದಿದಾರರ ಕಡೆಯ, ದೂರದೇಶದ ಹೆಂಗಸೊಬ್ಬಳು ಕನ್ನಡಕ ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು, ಬೆಂಕಿ ಬಿದ್ದ ದಿನ ಹಿಂಬಾಗಿಲು ತೆರೆದಿತ್ತೇ ಎಂದು.

“ದ ಡೋರ್...” ಎಂದಳು ಕಸ್ತೂರಿ. ಸುಳ್ಳು ಹೊರಡಲಿಲ್ಲ. ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದೆ ಕೂತವರ ಕೆಲಸಗಳನ್ನು ನೆನೆದು ಅವಳು ಹಲ್ಲು ಕಚ್ಚಿ ತಡೆದಳು.

ಶಿರಹಟ್ಟಿಯವರು ಮುಂದೆ ಬಂದು ನಕ್ಕರು. ಮೊದಲಿನಿಂದಲೂ ಮಾತು ಕಡಿಮೆಯ ಈ ಹುಡುಗಿಗೆ ನಾಚಿಕೆ ಎನ್ನಬೇಕಿತ್ತು ಅವರಿಗೆ. “ಶಿ ವಾಸ್ ಶೈ,” ಎಂದರು. ಅವರ ಬಳಿ ಇದ್ದದ್ದೂ ಭೂತಕಾಲದ ಇಂಗ್ಲಿಷಷ್ಟೇ.

ಹಾಗಾದರೆ ನೀವೇ ಹೇಳಿ ಎಂದಳು ಪರದೆಯ ಹೆಂಗಸು.

“ದ ಡೋರ್...” ಶಿರಹಟ್ಟಿಯವರಿಗೂ ಮಾತು ಅಲ್ಲಿಗೇ ನಿಂತಿತು. ಕೆಮ್ಮಿದರು. ಮತ್ತೆ ಶುರು ಮಾಡಿದರು. ಕೈ ತಾನಾಗಿ ಕಿವಿಯ ಹಿಂದಿನ ಗುಂಡಿಗೆ ಹೋಯಿತು. ಆಮೇಲೆ ಮಾತು ಸಲೀಸಾಗಿ, ತಡವರಿಸದೆ, ಚೆಂದದ ಉಚ್ಚಾರದಲ್ಲಿ ಹೊರಬಂತು: “ಐ ಲಾಕ್ಡ್ ದ ಡೋರ್. ಐ ಕೆಪ್ಟ್ ದ ಕೀ.”

ಬೇರೆ ಯಾರೋ ಆಡಿದ ಮಾತು ಕೇಳಿದವರಂತೆ ಅವರು ಸುತ್ತ ನೋಡಿದರು.

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ರೇಣವ್ವ ಮಡಿಲಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. ಪರದೆಯ ಹೆಂಗಸು ತಲೆ ತಗ್ಗಿಸಿ ಏನೋ ಬರೆದುಕೊಳ್ಳತೊಡಗಿದಳು. ಆರ್ಡರ್ ಹೋಯಿತೆಂದು ಎಲ್ಲರಿಗೂ ತಿಳಿಯಿತು. ಇಸ್ತ್ರಿ ವಿಭಾಗದಲ್ಲಿ ಮಾತ್ರ ಆವಿ ಬುಸುಗುಡುತ್ತಲೇ ಇತ್ತು. ಪೆಟ್ಟಿಗೆಗಳ ಸಂದಿನಲ್ಲಿ ಬಾಗಿಲ ಸರಪಳಿ ಕಾಣುತ್ತಿತ್ತು.

ಆಗಿಹೋದದ್ದನ್ನು ಹೇಳಿ ಆಗಿತ್ತು. ಇನ್ನುಳಿದ ಮಾತಿಗೆ ಕಸ್ತೂರಿಯ ಬಳಿ ಇಂಗ್ಲಿಷು ಇರಲಿಲ್ಲ.

“ಸಾಹೇಬ್ರ, ಬೀಗಾ ತಗೀರಿ,” ಎಂದಳು.

ಪರದೆಯ ಹೆಂಗಸು ತಲೆಯೆತ್ತಿ, ಅರ್ಥವಾಗದೆ ನೋಡಿದಳು. ಶಿರಹಟ್ಟಿಯವರು ಕೈಯನ್ನು ಜೇಬಿಗಿಳಿಸಿ ಹಾಗೆಯೇ ನಿಂತರು.

“ಸಾಹೇಬ್ರ, ಆ ಬಾಗಲದ ಬೀಗಾ ತಗೀರಿ.”